ಬಳ್ಳಿಗಾವೆಯ ಕೋಡಿಯ ಮಠವೂ ಭಗ್ನಾಸ್ಥಿಯ ಚಿಕಿತ್ಸೆಯೂ

ಬನವಾಸೆ ಪನ್ನಿರ್ಚ್ಛಾಸಿರವೆಂದು ಪ್ರಾಚೀನ ಲೇಖಗಳಲ್ಲಿ ಪ್ರಸಿದ್ಧವಾದ ನಾಡಿನ ನಡುಭಾಗವು ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಸೇರಿಹೋಗಿದೆ. ಈ ಎರಡು ತಾಲ್ಲೂಕುಗಳಷ್ಟು ಶಾಸನಸಮೃದ್ಧವಾದ ಪ್ರದೇಶಗಳು ಕನ್ನಡ ನಾಡಿನಲ್ಲಿ ವಿರಳವೆಂದೇ ಹೇಳಬೇಕು. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ, ಸೊರಬದ ಶಾಸನಗಳನ್ನು 1904ರಲ್ಲಿ ಎಂಟನೆಯ ಸಂಪುಟದಲ್ಲಿಯೂ ಪ್ರಕಟಿಸಿದರು. ಅಂದಿನಿಂದ ಈ ಲೇಖಗಳು ರಾಜವಂಶಗಳ ಕಾಲನಿರ್ಣಯಕ್ಕೂ, ಕಾಳಾಮುಖ ಪಂಥದ ಚರಿತ್ರೆಗೂ, ಜೈನ ಬಸದಿಗಳ ವಿಚಾರಕ್ಕೂ ವಿಶೇಷವಾಗಿ ಉಪಯೋಗಿಸಲ್ಪಟ್ಟಿವೆ. ಆದರೆ ಮನುಷ್ಯನ ದೇಹವು ಮುರಿದಾಗ ಈ ನಾಡಿನಲ್ಲಿ ಅವನ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಈ ಶಿಲೆಗಳ ಮುಂದಿಟ್ಟವರು ಕಡಿಮೆ. ಮುರಿದ ಎಲುಬಿನೊಳಗೆ ಯಂತ್ರದಿಂದ ಮುದ್ರಿಸಿದ ಹಂದರವನ್ನಿಟ್ಟು ಹೊಸ ಎಲುಬನ್ನು ಬೆಳೆಯಿಸುವ ಪ್ರಯತ್ನಗಳು ಬೆಂಗಳೂರಿನಲ್ಲಿಯೇ ನಡೆಯುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನೆತ್ತುವುದು ಅಪ್ರಕೃತವಾಗಲಾರದು.

ಮೊದಲು ವೀರಗಲ್ಲುಗಳನ್ನು ನೋಡತಕ್ಕದ್ದು. ಸೊರಬ ತಾಲ್ಲೂಕಿನ ಊರೂರಿನ ಹೊರಗೆ, ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ಇವು ನಿಂತಿವೆ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಇವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಹಸುಗಳನ್ನು ಹಿಡಿದೊಯ್ದಾಗ, ಊರಿಗೆ ದಾಳಿ ಬಂದಾಗ, ಹೆಂಗಸರ ಮಾನಕ್ಕೆ ಕುಂದೊದಗಿದಾಗ ಕಾದಿ ಸತ್ತವನ ಸ್ಮಾರಕವೇ ವೀರಗಲ್ಲು. ಕೆಳಗಿನ ಹಲಗೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ಚಿತ್ರ, ಮೇಲೆ ಲಿಂಗವನ್ನೋ ಜಿನಬಿಂಬವನ್ನೋ ಅರ್ಚಿಸುತ್ತ ಅವನು ಕುಳಿತಿರುವ ಚಿತ್ರ. ಇದು ಸಾಮಾನ್ಯ ಕ್ರಮ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಟ್ಟುದುಂಟು. ಕತ್ತಿ, ಕೊಡಲಿ, ಈಟಿ, ಬಾಣ, ಕುದುರೆಯ ಗೊರಸು, ಇವೆಲ್ಲವೂ ಕೆಳಗಿನ ಹಲಗೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಇಂತಹ ಒಂದೊಂದು ಕಾಳಗದಲ್ಲಿಯೂ ಸತ್ತವನೊಬ್ಬನಾದರೆ ಕೈಯೋ ತೊಡೆಯೋ ಮುರಿದುಕೊಂಡು ಬದುಕಿ ಉಳಿದವರು ಹಲವರಿದ್ದಿರಬೇಕು. ಅವರಿಗೆ ಕಲ್ಲಿಲ್ಲ. ಅಪ್ಸರೆಯರು ಒಯ್ಯದೆ ಬಿಟ್ಟವನನ್ನು ಶಿಲ್ಪಿಯೂ ಬಿಟ್ಟನು. ಆದುದರಿಂದ ಸಾವಿನ ಲೆಕ್ಕವನ್ನು ವೀರಗಲ್ಲುಗಳಿಂದ ತಕ್ಕಮಟ್ಟಿಗೆ ಹಾಕಬಹುದಾದರೂ ಗಾಯದ ಲೆಕ್ಕಕ್ಕೆ ಅವು ಪ್ರಮಾಣವಾಗಲಾರವು.

ಗಾಯಗೊಂಡವರ ವಿಚಾರಕ್ಕೆ ಪ್ರಮಾಣವನ್ನು ಹುಡುಕಬೇಕಾದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಬೇಕು. ಬನವಾಸೆನಾಡಿನ ರಾಜಧಾನಿಯೆನಿಸಿದ್ದ ಈ ಪಟ್ಟಣದಲ್ಲಿ ದಕ್ಷಿಣ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವೆಂಬ ಕಾಳಾಮುಖರ ಮಠವಿತ್ತು. ಕೆರೆಯ ಕೋಡಿಯ ಬಳಿಯಲ್ಲಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಆಚಾರ್ಯರ ಪರಂಪರೆಯನ್ನು ಅಲ್ಲಿನ ಶಾಸನಗಳಿಂದ ಅವಿಚ್ಛಿನ್ನವಾಗಿ ಕಟ್ಟಬಹುದಾಗಿದೆ. ಕಳಚುರ್ಯ ಬಿಜ್ಜಳನು ದಕ್ಷಿಣದಿಕ್ಕನ್ನು ಸಾಧಿಸಲು ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ, ಕ್ರಿ. ಶ. 1162ರಲ್ಲಿ, ಈ ಮಠಕ್ಕೆ ದತ್ತಿಯನ್ನು ಬಿಟ್ಟನು. ಆ ಸಂಬಂಧವಾದ ಶಾಸನವು ಶಿಕಾರಿಪುರದ 102ನೆಯ ಸಂಖ್ಯೆಯದು. ಮಠದ ವರ್ಣನೆಯು ಇಷ್ಟು ವಿಸ್ತಾರವಾಗಿ ಬೇರೆಡೆಯಲ್ಲಿ ಸಿಕ್ಕುವುದು ಅಪೂರ್ವ.

ಈ ವರ್ಣನೆಯನ್ನಾಧರಿಸಿ ಕೋಡಿಯ ಮಠವು 12ನೆಯ ಶತಮಾನದ ಒಂದು ದೊಡ್ಡ ಆಸ್ಪತ್ರೆಯಾಗಿತ್ತೆಂದೂ, ಅಲ್ಲಿ ಶಸ್ತ್ರಚಿಕಿತ್ಸೆ ಸಹ ನಡೆಯುತ್ತಿತ್ತೆಂದೂ ಉತ್ಸಾಹದಿಂದ ಹೇಳುವವರುಂಟು. ಉತ್ಸಾಹವು ಒಳ್ಳೆಯದೇ, ಆದರೆ ಶಾಸನದ ಮಾತುಗಳನ್ನು ಅವು ಇರುವ ಕ್ರಮದಲ್ಲಿಯೇ ಓದಿದರೆ ಅಷ್ಟು ದೂರ ಹೋಗಲು ಸಾಧ್ಯವಾಗುವುದಿಲ್ಲ. ಶಾಸನಕವಿಯು ಮಠವನ್ನು ಅನೇಕ 'ಸ್ಥಾನ'ಗಳೆಂದು ಬಣ್ಣಿಸುತ್ತಾನೆ. ಮೊದಲು ವಿದ್ಯೆಯ ಮಾತು ಬರುತ್ತದೆ. ನಾಲ್ಕು ವೇದಗಳು, ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸಾ ಸಾಂಖ್ಯ ಬೌದ್ಧಾದಿ ದರ್ಶನಗಳು, ಲಾಕುಲ ಸಿದ್ಧಾಂತ, ಪಾತಂಜಲಾದಿ ಯೋಗಶಾಸ್ತ್ರ, 18 ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕ, ಇವುಗಳ ಅಭ್ಯಾಸಕ್ಕೆ ಅದು ನೆಲೆಯೆಂದು ಹೇಳಿದೆ. ಇಷ್ಟು ಉದ್ದವಾದ ಪಟ್ಟಿಯಲ್ಲಿ ವೈದ್ಯಶಾಸ್ತ್ರವು ಹೆಸರು ಹಿಡಿದು ಉಕ್ತವಾಗಿಲ್ಲವೆಂಬುದನ್ನು ಲಕ್ಷ್ಯದಲ್ಲಿಡಬೇಕು. ಅನಂತರ ಅನ್ನದಾನದ ಸ್ಥಾನ. ಅದರ ತರುವಾಯ ಅನಾಥರಾದ ರೋಗಿಗಳಿಗೆ ಔಷಧವನ್ನು ಕೊಡತಕ್ಕ ಸ್ಥಾನ. ಕಡೆಯಲ್ಲಿ ಸಕಲ ಪ್ರಾಣಿಗಳಿಗೂ ಅಭಯವನ್ನೀಯುವ ಸ್ಥಾನ.

ಇಲ್ಲಿ ಎರಡು ಪಟ್ಟಿಗಳ ಭೇದವು ಮುಖ್ಯವಾದದ್ದು. ದೀನರು, ಅನಾಥರು, ಹೆಳವರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು, ನಾನಾ ದೇಶದ ಭಿಕ್ಷುಕರು, ಇವರೆಲ್ಲರೂ ಅನ್ನದಾನದ ಪಟ್ಟಿಗೆ ಸೇರಿದ್ದಾರೆ. ಆ ಅನ್ನವು 'ಅನಿವಾರ್ಯ'ವೆಂದು ಶಾಸನದ ಮಾತು. ಅಂದರೆ ಯಾರೂ ತಡೆಯಕೂಡದ್ದು. ಈಗ ನಾವು ಆಡುವ 'ಬೇರೆ ದಾರಿಯಿಲ್ಲದ್ದು' ಎಂಬ ಅರ್ಥ ಅಲ್ಲಿಯದಲ್ಲ. ಔಷಧದ ಸ್ಥಾನದಲ್ಲಾದರೋ 'ರೋಗಿಜನ' ಎಂಬ ಒಂದೇ ಮಾತಿದೆ. ಹೆಳವನು ಅಲ್ಲಿ ಇಲ್ಲ. 'ಪಂಗು' ಎಂಬ ಶಬ್ದದಿಂದ ಸೂಚಿತನಾದ ಹೆಳವನು ಹುಟ್ಟಿನಿಂದ ಹಾಗಾದವನೂ ಆಗಿರಬಹುದು, ವಾತದಿಂದ ಹಾಗಾದವನೂ ಆಗಿರಬಹುದು, ತೊಡೆಯ ಎಲುಬು ಮುರಿದು ಸೊಟ್ಟಗೆ ಕೂಡಿಯೋ ಕೂಡದೆಯೋ ಹಾಗಾದವನೂ ಆಗಿರಬಹುದು. ಯಾವ ಕಾರಣದಿಂದಾದರೂ ಸರಿ, ಮಠಕ್ಕೆ ಬರುವ ವೇಳೆಗೆ ಅವನು ರೋಗಿಯಲ್ಲ, ದೀನನು. ಅವನಿಗೆ ಕೊಡತಕ್ಕದ್ದು ಮದ್ದಲ್ಲ, ಅನ್ನ. ಮಠದವರಿಗೆ ದಯೆ ಸಾಲದೆ ಹೀಗಾಯಿತೆಂದು ಭಾವಿಸಲಾಗದು. ಅಂದಿನ ವೈದ್ಯವು ಎಲ್ಲಿಗೆ ನಿಂತಿತೋ ಅಲ್ಲಿಂದ ಮುಂದೆ ಅನ್ನದಾನವು ಪ್ರಾರಂಭವಾಗುತ್ತಿತ್ತು.

ಇದೇ ಅನ್ನದಾನದ ಪಟ್ಟಿಯಲ್ಲಿ 'ಭಗ್ನ' ಎಂಬ ಮಾತೊಂದು ಬರುತ್ತದೆ. ವೈದ್ಯಗ್ರಂಥಗಳಲ್ಲಿ ಭಗ್ನವೆಂದರೆ ಎಲುಬಿನ ಮುರಿತವೆಂಬುದು ಪಾರಿಭಾಷಿಕವಾದ ಅರ್ಥ. ಆದುದರಿಂದ ಎಲುಬು ಮುರಿದವರನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಿದೆಯೆಂದು ವಾದಿಸುವ ಆಸೆ ಸಹಜವಾಗಿಯೇ ಉಂಟಾಗುತ್ತದೆ. ಆದರೆ ಈ ಶಬ್ದವು 'ಪಂಗು, ಅಂಧ, ಬಧಿರ' ಎಂಬ ಅಂಗವಿಕಲರ ಸಾಲಿನಲ್ಲಿಲ್ಲ. 'ನಗ್ನ, ಭಗ್ನ, ಕ್ಷಪಣಕ, ಏಕದಂಡಿ, ತ್ರಿದಂಡಿ' ಎಂಬ ಸನ್ಯಾಸಿಗಳ ಸಾಲಿನಲ್ಲಿದೆ. ನಗ್ನನಿಗೂ ಕ್ಷಪಣಕನಿಗೂ ನಡುವೆ ಎಲುಬು ಮುರಿದವನನ್ನು ಕೂರಿಸುವುದು ಶಾಸನಕವಿಯ ಕ್ರಮಕ್ಕೆ ಒಗ್ಗುವುದಿಲ್ಲ. ಪ್ರಾಸದ ಆಕರ್ಷಣೆಯಿಂದ ನಗ್ನನ ಪಕ್ಕಕ್ಕೆ ಬಂದ ಯಾವುದೋ ಭಿಕ್ಷುವರ್ಗದ ಹೆಸರೆಂದು ಗ್ರಹಿಸುವುದೇ ಹೆಚ್ಚು ಯುಕ್ತವೆಂದು ತೋರುತ್ತದೆ. ಬೇಕಾದ ಪ್ರಮಾಣವು ಕೈಗೆ ಸಿಕ್ಕಿದಂತೆ ಕಂಡಾಗಲೇ ಅದನ್ನು ಎರಡು ಸಲ ನೋಡಬೇಕಾಗುತ್ತದೆ.

ಹಾಗಾದರೆ ಅಂದಿನ ವೈದ್ಯನಿಗೆ ಮುರಿದ ಎಲುಬಿನ ವಿಷಯದಲ್ಲಿ ಏನು ತಿಳಿದಿತ್ತು? ಇದಕ್ಕೆ ಸುಶ್ರುತ ಸಂಹಿತೆಯೇ ಉತ್ತರವನ್ನು ಕೊಡುತ್ತದೆ. ಅದರ ನಿದಾನಸ್ಥಾನದ 15ನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ 3ನೆಯ ಅಧ್ಯಾಯವೂ ಭಗ್ನಕ್ಕೆ ಮೀಸಲಾಗಿವೆ. ಕೀಲು ತಪ್ಪಿದ ಸಂಧಿಮುಕ್ತವು 6 ಬಗೆ. ಎಲುಬೇ ಮುರಿದ ಕಾಂಡಭಗ್ನವು 12 ಬಗೆ. ಚಿಕಿತ್ಸೆಯ ಕ್ರಮವು ಇಂದು ಓದಿದರೂ ಮೆಚ್ಚುವಂತಿದೆ. ಎಳೆದು, ಒತ್ತಿ, ಮುರಿದ ತುದಿಗಳನ್ನು ಸಮನಾಗಿ ಕೂಡಿಸಿ, ಬಟ್ಟೆಯನ್ನು ಸುತ್ತಿ, ಅತ್ತಿ, ಅರಳಿ, ಆಲ, ಮುತ್ತುಗ, ಮತ್ತಿಯ ಜಾತಿಯ ಮರಗಳ ತೊಗಟೆಯನ್ನೋ ಬಿದಿರಿನ ಸೀಳನ್ನೋ ಆಸರೆಯಾಗಿಟ್ಟು ಕಟ್ಟಬೇಕು. ಕಟ್ಟು ಸಡಿಲವಾದರೆ ಸಂಧಿಯು ನಿಲ್ಲದು. ಬಿಗಿಯಾದರೆ ಊತ, ನೋವು, ಕೀವು. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಶೀತೋಷ್ಣ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಕಟ್ಟಬೇಕು. ತೊಡೆಯೋ ಕಾಲೋ ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಸಂಧಿಯ ಎರಡು ಪಕ್ಕಗಳಲ್ಲಿ ಎರಡೆರಡು, ಅಂಗಾಲಿನ ಬಳಿ ಒಂದು, ಹೀಗೆ ಐದು ಗೂಟಗಳನ್ನು ಹೊಡೆದು ಅಲುಗದಂತೆ ಮಾಡಬೇಕು. ಎಳೆಯನಿಗೆ ಒಂದು ತಿಂಗಳು, ನಡುಹರೆಯದವನಿಗೆ ಎರಡು, ಮುದುಕನಿಗೆ ಮೂರು ತಿಂಗಳಲ್ಲಿ ಎಲುಬು ಕೂಡುವುದೆಂದು ಲೆಕ್ಕ. ವಯಸ್ಸಿನೊಡನೆ ಎಲುಬಿನ ಕೂಡುವಿಕೆ ನಿಧಾನವಾಗುವುದೆಂಬ ಈ ಗಣನೆಯು ಈಗಿನ ಶಸ್ತ್ರವೈದ್ಯರ ಅನುಭವಕ್ಕೂ ಒಪ್ಪುತ್ತದೆ.

ಸುಶ್ರುತನು ತನ್ನ ಮಿತಿಯನ್ನೂ ಅರಿತಿದ್ದನು. 12 ಬಗೆಯ ಕಾಂಡಭಗ್ನಗಳಲ್ಲಿ ಎಲುಬು ಪುಡಿಯಾದ ಚೂರ್ಣಿತ, ತುಂಡಾದ ಛಿನ್ನ, ಸ್ಥಾನ ತಪ್ಪಿ ಜೋಲುಬಿದ್ದ ಅತಿಪಾತಿತ, ಒಂದು ತುಂಡು ಮಜ್ಜೆಯೊಳಕ್ಕೆ ಹೊಕ್ಕ ಮಜ್ಜಾನುಗತ, ಈ ನಾಲ್ಕನ್ನೂ ಕೃಚ್ಛ್ರಸಾಧ್ಯವೆಂದು ಬೇರೆಯಾಗಿ ಎಣಿಸಿದ್ದಾನೆ. ಸೊರಬದ ವೀರಗಲ್ಲುಗಳ ಕೆಳಹಲಗೆಯಲ್ಲಿ ಕಾಣುವ ಕೊಡಲಿಯೂ ಕುದುರೆಯ ಗೊರಸೂ ಉಂಟುಮಾಡತಕ್ಕ ಗಾಯಗಳು ಬಹುಮಟ್ಟಿಗೆ ಈ ಜಾತಿಯವೇ. ಸಾಲದುದಕ್ಕೆ ಚರ್ಮವು ಹರಿದು ಕೀವಾದರೆ ಕಟ್ಟು ನಿಷ್ಪ್ರಯೋಜಕ.

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆಯು ಈ ಕಾಲಕ್ಕೆ ಹೊಸದಲ್ಲ. ಚಾಳುಕ್ಯ ರಾಜವಂಶದ ಕೀರ್ತಿವರ್ಮನು ಗೋವೈದ್ಯವನ್ನು ರಚಿಸಿದನು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಇಂತಹ ಗ್ರಂಥಗಳು ಬಳ್ಳಿಗಾವೆಯ ಮಠದಲ್ಲಿದ್ದುವೆಂದು ಹೇಳಲು ಆಧಾರವಿಲ್ಲ. ರೋಗದ ಎದುರಿನಲ್ಲಿ ಈ ನಾಡಿನವರು ಬೇರೆ ದಾರಿ ಹಿಡಿದುದೂ ಉಂಟು. ನಾಗರಖಂಡ 70ನ್ನು ಗಂಡನ ತರುವಾಯ ಸಮರ್ಥವಾಗಿ ಆಳಿದ ಜಕ್ಕಿಯಬ್ಬೆಯು, 10ನೆಯ ಶತಮಾನದ ಮೊದಲ ಭಾಗದಲ್ಲಿ, ದೇಹಕ್ಕೆ ರೋಗವು ತಾಗಲು ಅಧಿಕಾರವನ್ನು ಮಗಳಿಗೊಪ್ಪಿಸಿ, ಈಗ ಬಂದಳಿಕೆಯೆಂದು ಕರೆಯಲ್ಪಡುವ ಶಿಕಾರಿಪುರ ತಾಲ್ಲೂಕಿನ ತೀರ್ಥದಲ್ಲಿ ವ್ರತದಿಂದ ದೇಹತ್ಯಾಗ ಮಾಡಿದಳೆಂದು ಶಾಸನವು ತಿಳಿಸುತ್ತದೆ.

ಗ್ರಂಥಸ್ಥವಾದ ವೈದ್ಯಕ್ಕಿಂತ ಕೈಚಳಕದ ವೈದ್ಯವೇ ಹಳ್ಳಿಗಳಲ್ಲಿ ಹೆಚ್ಚು ಕಾಲ ಉಳಿಯಿತು. ಮಲೆನಾಡಿನ ನಾಟಿವೈದ್ಯರು ಬಿದಿರಿನ ದಬ್ಬೆ, ಸೊಪ್ಪಿನ ಅರೆ, ಬಟ್ಟೆ, ಇಷ್ಟರಿಂದಲೇ ಎಲುಬು ಕಟ್ಟುತ್ತ ಬಂದರು. ತೆಲುಗು ನಾಡಿನ ಪುತ್ತೂರು ಕಟ್ಟಿನ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಇವರ ಮೂಲಿಕೆಗಳಲ್ಲಿ ಮಂಗರವಳ್ಳಿಗೆ ವಿಶೇಷ ಸ್ಥಾನವುಂಟು. ನಾಲ್ಕು ಮೂಲೆಯ, ಗೆಣ್ಣುಗೆಣ್ಣಾದ ಆ ಬಳ್ಳಿಯನ್ನು ನೋಡಿದೊಡನೆ ಎಲುಬಿನ ಸಾಲು ನೆನಪಾಗುವುದು. ಸಂಸ್ಕೃತದಲ್ಲಿ ಅದಕ್ಕೆ ಅಸ್ಥಿಶೃಂಖಲಾ ಎಂದೇ ಹೆಸರು. ರೂಪಸಾದೃಶ್ಯದಿಂದ ಮದ್ದನ್ನು ಆರಿಸುವ ಹಳೆಯ ನಂಬಿಕೆಯೆಂದು ಇದನ್ನು ತಳ್ಳಿಹಾಕುವುದು ಸುಲಭವಾಗಿತ್ತು. ಹಾಗೆ ಮಾಡದೆ ಅದನ್ನು ಪ್ರಯೋಗಕ್ಕೆ ಒಡ್ಡಿದವರು ದಕ್ಷಿಣ ಕನ್ನಡದಲ್ಲಿ 1920ರಲ್ಲಿ ಜನಿಸಿದ ಶಸ್ತ್ರವೈದ್ಯ ಕಟೀಲು ನರಸಿಂಹ ಉಡುಪರು. ಕಾಶಿ ಹಿಂದೂ ವಿಶ್ವವಿದ್ಯಾಲಯದ ವೈದ್ಯವಿಜ್ಞಾನ ಸಂಸ್ಥೆಯನ್ನು ಕಟ್ಟಿದ ಇವರು 1960ರ ದಶಕದ ಆದಿಯಲ್ಲಿ ಸಹೋದ್ಯೋಗಿ ಜಿ. ಸಿ. ಪ್ರಸಾದರೊಡನೆ ಮಂಗರವಳ್ಳಿಯನ್ನು ಪರೀಕ್ಷಿಸಿದರು. ಕೂಡಿದ ಎಲುಬು ಎಷ್ಟು ಭಾರವನ್ನು ತಡೆಯಬಲ್ಲದೆಂದು ಅಳೆದರು. ವಿಕಿರಣಶೀಲವಾದ ಕ್ಯಾಲ್ಸಿಯಂ 45ನ್ನು ಕುರುಹಾಗಿ ಬಳಸಿ ಸುಣ್ಣದ ಅಂಶವು ಮುರಿದೆಡೆಗೆ ಹೇಗೆ ಸೇರುವುದೆಂದು ನೋಡಿದರು. ಬಳ್ಳಿಯಿಂದ ಕೂಡುವಿಕೆಯು ತ್ವರಿತವಾಗುವುದೆಂದು ಅವರು ತೀರ್ಮಾನಿಸಿದರು. ಆದರೂ ಒಂದು ಮಾತು ಉಳಿಯುತ್ತದೆ. ತುದಿಗಳು ಒಂದನ್ನೊಂದು ಮುಟ್ಟಿರುವೆಡೆ ಕೂಡುವಿಕೆಯನ್ನು ಬೇಗಮಾಡುವುದು ಒಂದು ಕೆಲಸ. ಎಲುಬೇ ಇಲ್ಲದ ಬಯಲನ್ನು ತುಂಬುವುದು ಬೇರೆ ಕೆಲಸ.

ಎಲುಬು ಗಾಯದ ಕಲೆಯಿಲ್ಲದೆ ತನ್ನನ್ನು ತಾನೇ ಮರಳಿ ಕಟ್ಟಿಕೊಳ್ಳಬಲ್ಲ ಧಾತು. ಮುರಿದೆಡೆಯಲ್ಲಿ ಮೊದಲು ರಕ್ತವು ಹೆಪ್ಪುಗಟ್ಟುವುದು. ಅದರೊಳಕ್ಕೆ ಸೂಕ್ಷ್ಮ ರಕ್ತನಾಳಗಳೂ ಜೀವಕಣಗಳೂ ನುಗ್ಗುವುವು. ಮೆದುವಾದ ಬೆಸುಗೆಯೊಂದು ಉಂಟಾಗಿ ಕ್ರಮೇಣ ಗಟ್ಟಿಯಾಗುವುದು. ಅನಂತರ ತಿಂಗಳುಗಟ್ಟಲೆ, ವರ್ಷಗಟ್ಟಲೆ, ದೇಹವು ಅದನ್ನು ಕೆತ್ತಿ ಮೊದಲಿನ ಆಕಾರಕ್ಕೆ ತರುವುದು. ಆದರೆ ಆ ಜೀವಕಣಗಳಿಗೆ ಹತ್ತಲು ಏನಾದರೂ ಬೇಕು. ಅಂತರವು ಒಂದು ಮಿತಿಯನ್ನು ಮೀರಿದರೆ ಎರಡು ತುದಿಗಳೂ ಮುಚ್ಚಿಕೊಂಡು, ನಡುವೆ ನಾರಿನಂತಹ ಮಾಂಸವು ತುಂಬಿ, ಕೈಕಾಲು ಜೋಲುಬೀಳುವುದು. ಚೂರ್ಣಿತವು ಕೃಚ್ಛ್ರಸಾಧ್ಯವಾದುದರ ಒಂದು ಮುಖ್ಯ ಕಾರಣ ಇದೇ. ಹೊರಗಿನ ಕಟ್ಟಿನಿಂದ ಇದಕ್ಕೆ ಪರಿಹಾರವಿಲ್ಲ. ಆಸರೆಯನ್ನು ಒಳಗೇ ಇಡಬೇಕು.

ಒಳಗೆ ಆಸರೆಯಿಡುವ ಯೋಚನೆಯು ಯೂರೋಪಿನಲ್ಲಿ ತಡವಾಗಿಯೇ ಬೆಳೆಯಿತು. ಸೈನಿಕನೊಬ್ಬನ ತಲೆಬುರುಡೆಯ ತೂತಿಗೆ ನಾಯಿಯ ಎಲುಬನ್ನಿಟ್ಟ ವೃತ್ತಾಂತವನ್ನು ಡಚ್ ವೈದ್ಯ ಯೋಬ್ ಫಾನ್ ಮೇಕರೆನ್ನನ ಗ್ರಂಥವು 1668ರಲ್ಲಿ ದಾಖಲಿಸಿತು. 1880ರ ಸುಮಾರಿನಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಮೆಕೇವೆನ್, ಕೀವಿನಿಂದ ತೋಳಿನ ಎಲುಬನ್ನು ಕಳೆದುಕೊಂಡ ಹುಡುಗನಿಗೆ, ಬೇರೆ ಮಕ್ಕಳ ಸೊಟ್ಟಗಾಲುಗಳನ್ನು ನೆಟ್ಟಗೆ ಮಾಡುವಾಗ ತೆಗೆದ ಎಲುಬಿನ ಚೂರುಗಳನ್ನಿಟ್ಟು ತೋಳನ್ನು ಉಳಿಸಿದನು. 1892ರಲ್ಲಿ ಡ್ರೇಸ್ಮನ್ ಎಲುಬಿನ ಕುಳಿಗಳನ್ನು ಪ್ಲಾಸ್ಟರಿನಿಂದ ತುಂಬಿದನು. 1920ರಲ್ಲಿ ಅಮೆರಿಕದ ಆಲ್ಬೀ ಕ್ಯಾಲ್ಸಿಯಂ ಫಾಸ್ಫೇಟನ್ನು ಪ್ರಯೋಗಿಸಿದನು. ರೋಗಿಯ ಸೊಂಟದ ಎಲುಬಿನಿಂದಲೇ ತುಂಡನ್ನು ತೆಗೆದು ಬೇಕಾದೆಡೆ ಇಡುವ ಕ್ರಮವು ಇಂದಿಗೂ ಶ್ರೇಷ್ಠವೆನಿಸಿದೆ. ಆದರೆ ಅಲ್ಲಿ ಸಿಕ್ಕುವುದು ಸ್ವಲ್ಪ. ತೆಗೆದೆಡೆ ಹೊಸ ನೋವು. ಒಂದು ಗುಡಿಯ ಕಂಬವನ್ನು ಕಿತ್ತು ಇನ್ನೊಂದಕ್ಕೆ ನಿಲ್ಲಿಸಿದ ಹಾಗೆ.

ಯಂತ್ರದಿಂದ ಮುದ್ರಿಸಿದ ಹಂದರವು ಈ ಕೊರತೆಯಿಂದ ಹುಟ್ಟಿದ ಉಪಾಯ. ಚಾರ್ಲ್ಸ್ ಹಲ್ 1980ರ ದಶಕದಲ್ಲಿ ಪದರದ ಮೇಲೆ ಪದರವನ್ನಿಟ್ಟು ಘನವಸ್ತುಗಳನ್ನು ಮುದ್ರಿಸುವ ವಿಧಾನವನ್ನು ಕಂಡುಹಿಡಿದ ಮೇಲೆ, ರೋಗಿಯ ಚಿತ್ರವನ್ನು ತೆಗೆದು ಅವನ ಎಲುಬಿನ ಕೊರತೆಗೆ ತಕ್ಕ ಆಕಾರವನ್ನೇ ಸಿದ್ಧಪಡಿಸುವುದು ಸಾಧ್ಯವಾಯಿತು. ಪದಾರ್ಥದ ಆಯ್ಕೆಯಲ್ಲಿ ನಿಸರ್ಗವೇ ಗುರು. ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ. ಉಳಿದುದರಲ್ಲಿ ಬಹುಭಾಗವು ಕೊಲ್ಲಾಜನ್ ಎಂಬ ನಾರು. ಖನಿಜವೊಂದೇ ಇದ್ದರೆ ಮಡಕೆಯಂತೆ ಒಡೆಯುವುದು, ನಾರೊಂದೇ ಇದ್ದರೆ ಬಾಗುವುದು. ಮಲೆನಾಡಿನ ಮನೆಯ ಗೋಡೆಗೆ ಮಣ್ಣಿನೊಡನೆ ಹುಲ್ಲನ್ನು ತುಳಿದು ಬೆರಸುವ ತತ್ತ್ವವೇ ಇಲ್ಲಿಯದು. ಆದುದರಿಂದ ಪಾಲಿಕ್ಯಾಪ್ರೊಲ್ಯಾಕ್ಟೋನಿನಂತಹ, ದೇಹದಲ್ಲಿ ನಿಧಾನವಾಗಿ ಕರಗುವ ಪಾಲಿಮರಿಗೆ ಹೈಡ್ರಾಕ್ಸಿ ಅಪಟೈಟನ್ನೋ ಟ್ರೈಕ್ಯಾಲ್ಸಿಯಂ ಫಾಸ್ಫೇಟನ್ನೋ ಬೆರಸಿ, ಎಳೆಎಳೆಯಾಗಿ ಹೆಣೆದು ಹಂದರವನ್ನು ಮಾಡುತ್ತಾರೆ. ಅದರ ರಂಧ್ರಗಳು ಒಂದರೊಡನೊಂದು ಕೂಡಿರಬೇಕು. ರಕ್ತನಾಳಗಳು ಒಳಹೊಗುವುದಕ್ಕೆ ಒಂದು ಮಿಲ್ಲಿಮೀಟರಿನ ಹತ್ತರಲ್ಲಿ ಒಂದು ಭಾಗಕ್ಕಿಂತ ಕಿರಿದಾಗಿರಕೂಡದು, ಹತ್ತರಲ್ಲಿ ಮೂರು ಭಾಗಕ್ಕೂ ಮಿಗಿಲಾಗಿದ್ದರೆ ಮೇಲೆಂದು ಹೇಳುವರು. ರಂಧ್ರವು ಹೆಚ್ಚಿದಷ್ಟೂ ಜೀವಕಣಗಳಿಗೆ ಅನುಕೂಲ, ಭಾರ ತಡೆಯುವ ಶಕ್ತಿಗೆ ಪ್ರತಿಕೂಲ. ಈ ವಿದ್ಯೆಯ ತೊಡಕೆಲ್ಲ ಇಲ್ಲಿದೆ.

ಶಿಖರವನ್ನು ಕಟ್ಟುವಾಗ ನಿಲ್ಲಿಸಿದ ಸಾರುವೆಯನ್ನು ಕೆಲಸ ಮುಗಿದ ಮೇಲೆ ಬಿಚ್ಚಬೇಕು. ಇದನ್ನು ಬಿಚ್ಚುವ ಕೆಲಸವನ್ನು ದೇಹವೇ ಮಾಡಿಕೊಳ್ಳುತ್ತದೆ. ಬೇಗ ಕರಗಿದರೆ ಎಲುಬು ಬಲಿಯುವ ಮುನ್ನ ಆಸರೆ ತಪ್ಪುವುದು, ತಡವಾದರೆ ಹೊಸ ಎಲುಬಿಗೆ ಎಡೆ ಸಾಲದು. ಪಾಲಿಕ್ಯಾಪ್ರೊಲ್ಯಾಕ್ಟೋನು ಪೂರ್ಣವಾಗಿ ಹೋಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಸುಶ್ರುತನ ಮೂರು ತಿಂಗಳಿನ ಲೆಕ್ಕಕ್ಕೆ ಅದು ಬಹಳ ದೀರ್ಘವೇ ಸರಿ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡವು ಹೈಡ್ರಾಕ್ಸಿ ಅಪಟೈಟ್ ಮೊದಲಾದ ಜೀವಾನುಕೂಲ ಪದಾರ್ಥಗಳ ಮೇಲೂ, ಕೌಶಿಕ್ ಚಟರ್ಜಿಯವರ ತಂಡವು ಪಾಲಿಮರಿಗೆ ಗ್ರ್ಯಾಫೀನ್ ಮುಂತಾದವುಗಳನ್ನು ಬೆರಸಿ ಮಾಡಿದ ಹಂದರಗಳ ಮೇಲೂ ಸಂಶೋಧನೆ ನಡೆಸಿವೆ. ತಲೆಬುರುಡೆಯ ತೂತುಗಳಂತಹ, ಭಾರ ಬೀಳದ ಎಡೆಗಳಲ್ಲಿ ಕರಗುವ ಹಂದರಗಳು ಹೊರದೇಶಗಳಲ್ಲಿ ರೋಗಿಗಳಿಗೆ ಉಪಯೋಗವಾಗಿವೆ. ಮೈಭಾರವನ್ನು ಹೊರುವ ತೊಡೆಯ ಎಲುಬಿನ ದೊಡ್ಡ ಅಂತರವನ್ನು ಇಂತಹ ಹಂದರದಿಂದ ತುಂಬುವುದು ಇನ್ನೂ ನಿತ್ಯದ ಚಿಕಿತ್ಸೆಯಾಗಿಲ್ಲ. ಕೋಡಿಯ ಮಠದ ಹೆಳವನು ಅನ್ನದ ಸಾಲಿನಿಂದ ಔಷಧದ ಸಾಲಿಗೆ ಪೂರ್ತಿಯಾಗಿ ದಾಟಿಲ್ಲವೆಂದೇ ಇದರ ಅರ್ಥ.

ವೈದ್ಯಚರಿತ್ರೆಯಲ್ಲಿ ಸೊರಬದ ಹೆಸರು ಬಂದಾಗ ಪಂಡಿತರಿಗೆ ಮೊದಲು ನೆನಪಾಗುವುದು 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ. ಎಲುಬಿಗೆ ಸಂಬಂಧಪಟ್ಟ ವ್ಯಾಧಿಯೊಂದು ಅದಕ್ಕೆ ಹೊಂದಿದ ಸಾಗರ ತಾಲ್ಲೂಕಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಹೊರಬಿದ್ದು, ಹಂದಿಗೋಡು ಕಾಯಿಲೆಯೆಂದು ಹೆಸರಾಯಿತು. ಬಡ ದಲಿತ ಕುಟುಂಬಗಳಲ್ಲಿ ಸೊಂಟದ ಕೀಲೂ ಮಂಡಿಯ ಕೀಲೂ ಸವೆದು, ನಡೆಯುವವರು ಕೋಲು ಹಿಡಿದರು, ಕೋಲು ಹಿಡಿದವರು ತೆವಳಿದರು. ಗದ್ದೆಗೆ ಹೊಡೆದ ಕ್ರಿಮಿನಾಶಕವು ಏಡಿಯ ಮೂಲಕ ದೇಹವನ್ನು ಸೇರಿತೆಂದು ಮೊದಲು ಸಂಶಯಪಟ್ಟರು; ವಂಶಾನುಗತವಾಗಿ ಬರುವ, ಎಲುಬಿನ ಬೆಳವಣಿಗೆಯ ದೋಷವೆಂದು ತರುವಾಯದ ಸಂಶೋಧನೆಯಿಂದ ತೋರಿಬಂದಿತು. ಇಲ್ಲಿ ಎಲುಬು ಮುರಿದುದಲ್ಲ. ಅದನ್ನು ಕಟ್ಟತಕ್ಕ ಜೀವಕಣಗಳಿಗೆ ದೊರೆತ ಆಜ್ಞೆಯೇ ತಪ್ಪಿದುದು. ಹಂದರವು ಎಷ್ಟು ಕುಶಲವಾಗಿ ಮುದ್ರಿತವಾದರೂ ಅದನ್ನು ಹತ್ತಿ ಎಲುಬನ್ನು ಹೆಣೆಯಬೇಕಾದವು ಅದೇ ಜೀವಕಣಗಳು.